ಎಡಗಾಲಿಗೆ ಬಿಡುವು

ಅಂಗಡಿಯಿಂದ,
ಮಾರ್ಚ್ ಹನ್ನೆರಡು, ಗುರುವಾರ ಮಧ್ಯಾಹ್ನ

ನನ್ನ ಪುಟ್ಟಿಗೆ,

ಅಮ್ಮ ಫೋನು ಬಿಟ್ಟು ಕಾಗದ ಬರೆದಿದ್ದಾಳೆಂದರೆ ಏನೋ ಆಗಿರಬೇಕು ಎಂದು ಗಾಬರಿ ಬೀಳಬೇಡ. ಇಬ್ಬರೂ ಚೆನ್ನಾಗಿದ್ದೇವೆ. ಮನೆಯಲ್ಲಿ ಫೋನು ಎತ್ತಿದರೆ ನಿಮ್ಮಪ್ಪ ಪಕ್ಕಕ್ಕೆ ಬಂದು ಸ್ಪೀಕರ್ ಒತ್ತುತ್ತಾರೆ. ಅಂಗಡಿಯಲ್ಲಿ ಎತ್ತಿದರೆ ಗಿರಾಕಿಗಳು ಕಿವಿ ನಿಮಿರಿಸುತ್ತಾರೆ. ಈಗ ಹೇಳಬೇಕಾದದ್ದು ಅವರ ಕಿವಿಗೂ ಬೀಳಬಾರದು, ಇವರ ಕಿವಿಗೂ ಬೀಳಬಾರದು. ಅದಕ್ಕೇ ಊಟದ ಹೊತ್ತಿನಲ್ಲಿ ಬಾಗಿಲು ಅರ್ಧ ಎಳೆದುಕೊಂಡು, ಬೂಟು ಹೊಲಿಯುವ ಮಿಷನ್ನಿನ ಮೇಲೆ ಹಾಳೆ ಹರಡಿಕೊಂಡಿದ್ದೇನೆ. ಅಲ್ಲಲ್ಲಿ ಅಂಟಿನ ಕಲೆ ಕಂಡರೆ ಬೈಯಬೇಡ.

ಮೊದಲಿಗೆ ಸುದ್ದಿ. ಕಾರು ಬಂತು. ಸಣ್ಣದು, ಬಿಳಿಯದು, ನಮ್ಮ ಗೇಟಿನೊಳಗೆ ಹೊಟ್ಟೆ ಒಳಗೆಳೆದುಕೊಳ್ಳದೆ ಹೋಗುತ್ತದೆ. ಆಟೋಮ್ಯಾಟಿಕ್.

ನೀನು ಜನವರಿಯಲ್ಲಿ ಕಳಿಸಿದ ಪಟ್ಟಿಯನ್ನು ನಾಲ್ಕು ಸಲ ಓದಿದೆ. ಗೇರಿನ ಗಾಡಿ ಹೆಚ್ಚು ಮೈಲೇಜು ಕೊಡುತ್ತದೆ, ಬೆಲೆ ಕಡಿಮೆ, ಕೆಟ್ಟರೆ ಯಾವ ಮೂಲೆಯ ಮೆಕ್ಯಾನಿಕ್ ಬೇಕಾದರೂ ರಿಪೇರಿ ಮಾಡುತ್ತಾನೆ. ಶಾಲೆಯಲ್ಲಿ ಭೂಗೋಳ ಕಲಿಸುವವಳ ಅಕ್ಷರ, ಒಂದೊಂದೂ ಮುತ್ತು. ಎಲ್ಲವೂ ಸರಿಯೇ. ಕೊನೆಗೆ ನೀನೊಂದು ಪ್ರಶ್ನೆ ಕೇಳಿದ್ದೆ. ಜೀವಮಾನದಲ್ಲಿ ಸ್ಟಿಯರಿಂಗ್ ಮುಟ್ಟದ ನೀನು ಈ ವಿಷಯದಲ್ಲಿ ಯಾಕಮ್ಮ ಇಷ್ಟು ಹಟ ಹಿಡಿದಿದ್ದೀಯ, ಅಪ್ಪ ಫೋನಿನಲ್ಲಿ ಅಳುವುದೊಂದು ಬಾಕಿ ಎಂದು. ಅದಕ್ಕೆ ಇವತ್ತು ಉತ್ತರ ಹೇಳುತ್ತೇನೆ. ಓದಿದ ಮೇಲೆ ಹರಿದು ಹಾಕು.

ನಿಮ್ಮಪ್ಪನ ವಾದ ನಿನಗೆ ಬಾಯಿಪಾಠ ಆಗಿರಬಹುದು. ಡ್ರೈವಿಂಗ್ ಸ್ಕೂಲಿನಲ್ಲಿ ಮೂವತ್ತೆರಡು ವರ್ಷ ಪಕ್ಕದ ಸೀಟಿನಲ್ಲಿ ಕೂತು ಅರ್ಧ ಊರಿಗೆ ಗೇರು ಹಾಕಲು ಕಲಿಸಿದವರು ಅವರು. ಗೇರಿಲ್ಲದ ಗಾಡಿ ಓಡಿಸುವುದೆಂದರೆ ಕೈ ಗಟ್ಟಿಯಿರುವವನು ಇನ್ನೊಬ್ಬರ ಕೈಯಿಂದ ತುತ್ತು ತಿನ್ನಿಸಿಕೊಂಡ ಹಾಗೆ ಎನ್ನುತ್ತಿದ್ದರು. ಜನವರಿಯಿಡೀ ಊಟದ ಮೇಜಿನ ಮೇಲೆ ಇದೇ ಮಾತು. ನಾನು ಜಪ್ಪಯ್ಯ ಅಂದರೂ ಬಗ್ಗಲಿಲ್ಲ.

ನಾನು ಮುಖಕ್ಕಿಂತ ಮೊದಲು ಅಟ್ಟೆ ನೋಡುವವಳು. ನನ್ನಪ್ಪನಿಂದ ಈ ಅಂಗಡಿ ನನ್ನ ಕೈಗೆ ಬಂದಾಗ ಜೊತೆಗೆ ಬಂದ ಚಾಳಿ ಅದು. ಬೂಟಿನ ತಳ ನೋಡಿದರೆ ಯಾರು ಹಿಮ್ಮಡಿ ಊರಿ ನಡೆಯುತ್ತಾರೆ, ಯಾರು ದಿನವಿಡೀ ನಿಂತೇ ಇರುತ್ತಾರೆ, ಎಲ್ಲ ತಿಳಿಯುತ್ತದೆ. ಬಾಯಿಬಿಟ್ಟು ಹೇಳಲು ಸಂಕೋಚಪಡುವ ಗಿರಾಕಿಗಳಿಗಾಗಿ ನನ್ನಪ್ಪ ಒಂದು ಚೀಟಿ ಮಾಡಿಸಿದ್ದರಲ್ಲ, ಬೂಟಿಗೆ ದಾರದಲ್ಲಿ ಕಟ್ಟುವುದು, ಮೂರೇ ಸಾಲು: ಯಾರದು, ಏನು ತೊಂದರೆ, ಯಾವಾಗ ಬೇಕು. ಇವತ್ತಿಗೂ ಅದನ್ನು ಅವರವರ ಕೈಯಲ್ಲೇ ಬರೆಸುತ್ತೇನೆ. ಆಡಲಾಗದ್ದನ್ನು ಜನ ಬರೆಯುತ್ತಾರೆ.

ನಿಮ್ಮಪ್ಪನ ಎಡಬೂಟು ಇಷ್ಟು ವರ್ಷವೂ ಒಂದೇ ಜಾಗದಲ್ಲಿ ಸವೆಯುತ್ತಿತ್ತು. ಹೆಬ್ಬೆರಳಿನ ಬುಡದ ಕೆಳಗೆ, ಒಂದು ನಾಣ್ಯದಷ್ಟು. ಕ್ಲಚ್ ತುಳಿದು ತುಳಿದು ಆದದ್ದು. ವರ್ಷಕ್ಕೆ ಎರಡು ಸಲ ಅಲ್ಲಿಗೆ ತೇಪೆ ಹಾಕುತ್ತಿದ್ದೆ, ನಾವಿಬ್ಬರೂ ಅದಕ್ಕೆ ಕ್ಲಚ್ ತೇಪೆ ಎಂದೇ ಹೆಸರಿಟ್ಟಿದ್ದೆವು. ಹೋದ ಜೂನ್‌ನಲ್ಲಿ ಬೂಟು ತಿರುಗಿಸಿ ನೋಡಿದರೆ ತೇಪೆ ಹಾಕಿದ ಹಾಗೇ ಇದೆ. ಬದಲಿಗೆ ಮುಂದಿನ ತುದಿ ಕೆರೆದು ಹೋಗಿದೆ, ಉಯ್ಯಾಲೆ ನಿಲ್ಲಿಸಲು ಮಕ್ಕಳು ಕಾಲು ಎಳೆದಾಗ ಆಗುವ ಹಾಗೆ. ಪಾದ ಮೇಲಕ್ಕೆ ಏಳದೆ ನೆಲಕ್ಕೆ ಉಜ್ಜುತ್ತಿದ್ದರೆ ಮಾತ್ರ ಹೀಗಾಗುತ್ತದೆ.

ಆಮೇಲೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಅವರ ನಡಿಗೆ ನೋಡತೊಡಗಿದೆ. ಮೆಟ್ಟಿಲು ಹತ್ತುವಾಗ ಕಂಬಿ ಹಿಡಿಯುತ್ತಾರೆ. ಬಚ್ಚಲ ಬಾಗಿಲಿನ ಚಾಪೆಯನ್ನು ಬಣ್ಣ ಚೆನ್ನಾಗಿಲ್ಲ ಎಂದು ಎತ್ತಿ ಮೂಲೆಗೆ ಹಾಕಿದರು. ಆ ಚಾಪೆ ತಂದದ್ದು ಅವರೇ. ಹೇಗಿದ್ದೀರಿ ಎಂದರೆ ಎಂದಿನಂತೆ ಫಸ್ಟ್ ಕ್ಲಾಸ್ ಎನ್ನುತ್ತಾರೆ. ನಾನು ನೇರವಾಗಿ ಕೇಳಲಿಲ್ಲ. ಭಾನುವಾರ ಅವರು ಸ್ನಾನಕ್ಕೆ ಹೋದಾಗ ಎಡಬೂಟಿನ ತುದಿಗೆ ತೆಳ್ಳಗೆ ಕೆತ್ತಿದ ಚರ್ಮದ ಚೂರೊಂದನ್ನು ಅಂಟಿಸಿ, ಒಳಗಿನಿಂದ ಸ್ವಲ್ಪ ಎತ್ತರಿಸಿ, ಮೇಲೆ ಪಾಲಿಶ್ ಹಚ್ಚಿ ಗುರುತು ಸಿಗದ ಹಾಗೆ ಇಟ್ಟುಬಿಡುತ್ತಿದ್ದೆ. ಎಡವಿ ಬೀಳದಿರಲಿ ಎಂದು. ಒಂಬತ್ತು ತಿಂಗಳಿಂದ ನಡೆದಿದೆ ಈ ಕಳ್ಳ ಕಸುಬು.

ಹಳೆಯ ಕಾರು ಯಾಕೆ ಮಾರಿದರು ಗೊತ್ತೇ? ಕ್ಲಚ್ ಪ್ಲೇಟ್ ಹೋಯಿತು ಎಂದು ನಿನಗೆ ಹೇಳಿದ್ದಾರೆ. ಅಕ್ಟೋಬರಿನಲ್ಲಿ ನೀರಿನ ಟ್ಯಾಂಕಿನ ಏರಿನಲ್ಲಿ ಸಿಗ್ನಲ್ ಬಿತ್ತು. ಹಸಿರು ಬಂದಾಗ ಗಾಡಿ ಮುಂದೆ ಹೋಗುವ ಬದಲು ಆಫ್ ಆಗಿ ಹಿಂದಕ್ಕೆ ಜಾರಿ ಬ್ರೆಡ್ಡಿನ ವ್ಯಾನಿನ ದೀಪ ಒಡೆಯಿತು. ನಾನು ಪಕ್ಕದಲ್ಲೇ ಇದ್ದೆ. ಅವರ ಎಡಗಾಲು ಪೆಡಲಿನ ಮೇಲಿಂದ ಜಾರಿದ್ದನ್ನು ಕಂಡೆ. ಕೆಳಗಿಳಿದು ಬಾನೆಟ್ ತಟ್ಟಿ, ದರಿದ್ರ ಕ್ಲಚ್ಚು ಕೈಕೊಟ್ಟಿತು ಎಂದರು. ವಾರದೊಳಗೆ ಗಾಡಿ ಮಾರಿದರು. ಅದರ ಮರುತಿಂಗಳು, ಚಪ್ಪಲಿಯ ಬಕಲ್ ಹಾಕಿಸಲು ಬಂದ ಮೆಕ್ಯಾನಿಕ್, "ಅಕ್ಕ, ಆ ಕ್ಲಚ್ಚು ಇನ್ನೂ ಮೂರು ವರ್ಷ ಅಲ್ಲಾಡ್ತಿರ್ಲಿಲ್ಲ, ಮೇಷ್ಟ್ರಿಗೆ ಅದ್ಯಾಕೆ ಅನುಮಾನ ಬಂತೋ" ಎಂದ. ಅವನು ಹೋಗುವ ತನಕ ನಾನು ಮೊಳೆ ಡಬ್ಬಿಯಲ್ಲಿ ಮುಖ ಹುದುಗಿಸಿಕೊಂಡು ಮೊಳೆ ಹುಡುಕಿದೆ. ಒಳ್ಳೆಯ ಗಾಡಿಯೊಂದು ಇವರ ಕಾಲಿನ ತಪ್ಪನ್ನು ತನ್ನ ಮೇಲೆ ಹೊತ್ತುಕೊಂಡು ಹೋಗಿತ್ತು.

ನನಗೆ ನಿಜವಾಗಿ ಭಯವಾಯಿತು, ಪುಟ್ಟಿ. ಈ ಸಲ ದೀಪ, ಮುಂದಿನ ಸಲ ಹಿಂದೆ ಯಾರಾದರೂ ಮಗು ಇದ್ದರೆ? ನಿಮ್ಮ ಕಾಲು ಸರಿಯಿಲ್ಲ ಎಂದು ಮುಖದ ಮೇಲೆ ಹೇಳಿದರೆ ಬೀಗದ ಕೈ ಗೋಡೆಯ ಮೊಳೆಗೆ ತೂಗುಹಾಕಿ ಮತ್ತೆ ಗಾಡಿ ಹತ್ತುವುದಿಲ್ಲ. ಅವರದು ಇದ್ದರೆ ಪೂರ್ತಿ ಇರಬೇಕು, ಇಲ್ಲದಿದ್ದರೆ ಏನೂ ಬೇಡ ಎನ್ನುವ ಸ್ವಭಾವ. ಕಾರು ಓಡಿಸದ ನಿಮ್ಮಪ್ಪನನ್ನು ನನಗೆ ಕಲ್ಪಿಸಿಕೊಳ್ಳಲಾಗಲಿಲ್ಲ. ಅದಕ್ಕೇ ಆಟೋಮ್ಯಾಟಿಕ್ ಬೇಕಾಗಿರುವುದು ನನಗೆ ಎಂದುಬಿಟ್ಟೆ. ಐವತ್ತೊಂಬತ್ತನೇ ವಯಸ್ಸಿನಲ್ಲಿ ಕಾರು ಕಲಿಯುತ್ತೇನೆ, ದಿನವಿಡೀ ಮಿಷನ್ ತುಳಿದ ಕಾಲಿಗೆ ಕ್ಲಚ್ಚಿನ ಕಾಟ ಬೇಡ ಎಂದು.

ಅವರು ನೀರು ನೆತ್ತಿಗೇರುವಷ್ಟು ನಕ್ಕರು. ನಕ್ಕು ಮುಗಿಸಿ, "ಕಲಿಯೋದಾದ್ರೆ ಗೇರಲ್ಲೇ ಕಲಿ. ಎರಡೇ ವಾರ ಸಾಕು, ನಾನಿಲ್ವಾ" ಎಂದರು. ಡ್ರೈವಿಂಗ್ ಸ್ಕೂಲಿನಿಂದ ಎರಡೂ ಕಡೆ ಪೆಡಲ್ ಇರುವ ಗಾಡಿಯನ್ನು ಕೇಳಿ ತಂದರು. ಭಾನುವಾರ ಬೆಳಿಗ್ಗೆ ಮುಚ್ಚಿಹೋದ ಗಿರಣಿಯ ಹಿಂದಿನ ಬಯಲಿನಲ್ಲಿ ಪಾಠ ಶುರುವಾಯಿತು.

ಈಗ ಎರಡನೇ ಗುಟ್ಟು. ನನಗೆ ಮೊದಲ ದಿನವೇ ಬಂತು. ನಲವತ್ತು ವರ್ಷ ಮಿಷನ್ ತುಳಿದವಳು ನಾನು, ಕಾಲನ್ನು ಥಟ್ಟನೆ ಬಿಟ್ಟರೆ ದಾರ ಕಡಿಯುತ್ತದೆ ಎಂಬುದು ನನ್ನ ಎಡಗಾಲಿಗೇ ಗೊತ್ತು. ಕ್ಲಚ್ ನಿಧಾನಕ್ಕೆ ಬಿಟ್ಟೆ, ಗಾಡಿ ಒಂಚೂರೂ ಕುಲುಕದೆ ಹೊರಟಿತು. ಎಷ್ಟು ಖುಷಿಯಾಯಿತು ಹೇಳಲಾರೆ. ಪಕ್ಕಕ್ಕೆ ತಿರುಗಿ, ಹೇಗೆ ಎನ್ನಬೇಕು, ಭೇಷ್ ಎನ್ನಿಸಿಕೊಳ್ಳಬೇಕು ಎಂದು ನಾಲಿಗೆ ತುದಿಗೆ ಬಂತು. ಅಷ್ಟರಲ್ಲಿ ಬಂದ ಕೆಲಸ ನೆನಪಾಯಿತು. ಗಾಡಿ ನಿಲ್ಲಿಸಿ ಮತ್ತೆ ಹೊರಡುವಾಗ ಹಲ್ಲು ಕಚ್ಚಿಕೊಂಡು ಕ್ಲಚ್ಚಿನಿಂದ ಥಟ್ಟನೆ ಕಾಲೆತ್ತಿಬಿಟ್ಟೆ. ಗಾಡಿ ಕೆಮ್ಮಿ ಆಫ್ ಆಯಿತು.

ಅವತ್ತು ಹನ್ನೊಂದು ಸಲ ಆಫ್ ಮಾಡಿದೆ. ಬಂದ ವಿದ್ಯೆಯನ್ನು ಬಾರದ ಹಾಗೆ ಮಾಡುವುದಿದೆಯಲ್ಲ, ಅದಕ್ಕಿಂತ ಕಷ್ಟದ ಕೆಲಸ ನಾನು ಮಾಡಿಲ್ಲ. ನಿಮ್ಮಪ್ಪ ಪ್ರತಿ ಸಲವೂ "ಪರವಾಗಿಲ್ಲ, ಇನ್ನೊಂದ್ಸಲ" ಎನ್ನುತ್ತಿದ್ದರು. ಮನೆಯಲ್ಲಿ ಕನ್ನಡಕ ಕಾಣದಿದ್ದರೆ ಮನೆ ತಲೆಕೆಳಗು ಮಾಡುವ ಮನುಷ್ಯ ಪಾಠ ಹೇಳುವಾಗ ಎಷ್ಟು ತಾಳ್ಮೆಯವರು ಎಂದು ಈ ವಯಸ್ಸಿನಲ್ಲಿ ನನಗೆ ತಿಳಿಯಿತು. ಐದನೇ ಭಾನುವಾರ ಅವರು ಬಹಳ ಹೊತ್ತು ನನ್ನ ಪಾದಗಳನ್ನೇ ನೋಡಿದರು. ಆಮೇಲೆ "ಹೋಗ್ಲಿ ಬಿಡು, ನಿಂಗೆ ಆಟೋಮ್ಯಾಟಿಕ್ಕೇ ಸರಿ" ಎಂದರು. ಗೆದ್ದೆ ಎಂದು ಒಳಗೊಳಗೇ ಕುಣಿದೆ, ಅವರ ಮುಖ ನೋಡಿ ನಾಚಿಕೆಯೂ ಆಯಿತು.

ಶೋರೂಮಿನಲ್ಲಿ ಟೈ ಕಟ್ಟಿದ ಸೇಲ್ಸ್‌ಮನ್, ಇದು ಹೆಂಗಸರಿಗೆ ಹೇಳಿ ಮಾಡಿಸಿದ ಗಾಡಿ ಎಂದ. ನಿಮ್ಮಪ್ಪ ಆಕಾಶ ನೋಡಿದರು. ಸುಮ್ಮನೆ ಒಂದು ಸುತ್ತು ಹೋಗಿ ಬನ್ನಿ ಎಂದು ಅವನು ಒತ್ತಾಯ ಮಾಡಿದಾಗ ಮುಖ ಊದಿಸಿಕೊಂಡೇ ಸ್ಟಿಯರಿಂಗ್ ಹಿಂದೆ ಕೂತರು. ನಾನೂ ಸೇಲ್ಸ್‌ಮನ್ನೂ ಹಿಂದಿನ ಸೀಟಿನಲ್ಲಿ. ಯಾರೂ ಹೇಳದಿದ್ದರೂ ಗಾಡಿಯನ್ನು ನೀರಿನ ಟ್ಯಾಂಕಿನ ಏರಿಗೇ ತಂದರು. ಅರ್ಧ ಏರಿನಲ್ಲಿ ನಿಲ್ಲಿಸಿ, ಹಿಂದೆ ಯಾರೂ ಇಲ್ಲವೆಂದು ಕನ್ನಡಿಯಲ್ಲಿ ನೋಡಿಕೊಂಡು, ಬ್ರೇಕಿನಿಂದ ಕಾಲು ತೆಗೆದರು. ಗಾಡಿ ಹಿಂದಕ್ಕೆ ಜಾರಲಿಲ್ಲ, ಮೆಲ್ಲಗೆ ಮುಂದಕ್ಕೆ ತೆವಳಿತು. ಮತ್ತೆ ನಿಲ್ಲಿಸಿದರು, ಮತ್ತೆ ಬಿಟ್ಟರು. ಮೂರು ಸಲ. ಸೇಲ್ಸ್‌ಮನ್ನಿಗೆ ಏನೂ ಅರ್ಥವಾಗಲಿಲ್ಲ. ನನಗೆ ಮುಂದಿನ ಎರಡು ಸೀಟಿನ ನಡುವಿನಿಂದ ಅವರ ಎಡಗಾಲು ಕಾಣುತ್ತಿತ್ತು. ಅದು ಪೆಡಲುಗಳ ಪಕ್ಕ ಕಾಲಿಡುವ ಪಟ್ಟಿಯ ಮೇಲೆ ಏನೂ ಮಾಡದೆ ಆರಾಮವಾಗಿ ಮಲಗಿತ್ತು. ಕಣ್ಣು ತುಂಬಿ ಬಂತು, ಕಿಟಕಿಯ ಕಡೆ ತಿರುಗಿಕೊಂಡೆ. ಕೆಳಗಿಳಿದ ಮೇಲೆ, ನಿನಗೆ ಅನುಕೂಲವಾಗುತ್ತದೆ, ತಗೊಳ್ಳೋಣ ಎಂದರು.

ಈಗ ದಿನಾ ಬೆಳಿಗ್ಗೆ ಅವರೇ ನನ್ನನ್ನು ಅಂಗಡಿಗೆ ಬಿಡುತ್ತಾರೆ. ನನಗೆ ಲೈಸೆನ್ಸ್ ಬರುವ ತನಕ ಮಾತ್ರವಂತೆ. ಭಾನುವಾರ ನಾನು ಓಡಿಸಿದರೆ ಪಕ್ಕದಲ್ಲಿ ಕೂತು ಇಲ್ಲದ ಬ್ರೇಕನ್ನು ತುಳಿಯುತ್ತಾರೆ, ಹೊಸ ಮ್ಯಾಟು ಆಗಲೇ ಅಲ್ಲಿ ಮಾಸಿದೆ. ಮೈಲೇಜು ಕಡಿಮೆ ಬಂದಾಗಲೆಲ್ಲ ನಿನ್ನ ಪಟ್ಟಿ ಎತ್ತಿ ನನ್ನನ್ನು ಕುಟುಕುತ್ತಾರೆ. ಯಾರು ಕೇಳಿದರೂ, ನಮ್ಮ ಮನೆಯವಳಿಗೋಸ್ಕರ ತಗೊಂಡದ್ದು ಎನ್ನುತ್ತಾರೆ. ಅನ್ನಲಿ. ನಾನು ಎಷ್ಟೋ ದಿನದ ಮೇಲೆ ನೆಮ್ಮದಿಯಾಗಿದ್ದೇನೆ.

ನಿನ್ನಿಂದ ಒಂದು ಉಪಕಾರ ಆಗಬೇಕು. ಮುಂದಿನ ತಿಂಗಳು ರಜೆಗೆ ಬಂದಾಗ ಅವರನ್ನು ನದಿಯ ದಂಡೆಗೆ ವಾಕಿಂಗ್ ಕರೆದುಕೊಂಡು ಹೋಗು. ಆಗಷ್ಟೇ ಕಾಲು ನಿನ್ನ ಕಣ್ಣಿಗೆ ಬಿದ್ದ ಹಾಗೆ ನಟಿಸಿ, ಡಾಕ್ಟರಿಗೆ ತೋರಿಸೋಣ ಅಪ್ಪ ಎನ್ನು. ನಾನು ಬಾಯಿ ತೆರೆದರೆ ಒಂಬತ್ತು ತಿಂಗಳ ತೇಪೆಯೆಲ್ಲ ಹೊರಗೆ ಬರುತ್ತದೆ. ನೀನು ಹೇಳಿದರೆ ಬೈದುಕೊಂಡಾದರೂ ಕೇಳುತ್ತಾರೆ.

ಗಿರಾಕಿ ಬಾಗಿಲು ಬಡಿಯುತ್ತಿದ್ದಾರೆ. ಹೊತ್ತಿಗೆ ಸರಿಯಾಗಿ ಊಟ ಮಾಡು, ಮಕ್ಕಳ ಪೇಪರು ತಿದ್ದುತ್ತಾ ತಿನ್ನಬೇಡ.

ಅಂಟು ಮೆತ್ತಿದ ಕೈಯಿಂದಲೇ ನಿನ್ನ ಕೆನ್ನೆ ಹಿಂಡುವ
ನಿನ್ನ ಅಮ್ಮ

ತಾ. ಕ.: ಶನಿವಾರ. ಸ್ಟಾಂಪು ಇಲ್ಲದೆ ಲಕೋಟೆ ಎರಡು ದಿನ ಡ್ರಾಯರಿನಲ್ಲೇ ಉಳಿಯಿತು, ಉಳಿದದ್ದೇ ಒಳ್ಳೆಯದಾಯಿತು. ಇವತ್ತು ಬೆಳಿಗ್ಗೆ ನನ್ನನ್ನು ಇಳಿಸಿದ ನಿಮ್ಮಪ್ಪ ಒಂದು ಚೀಲ ಹಿಡಿದು ಒಳಗೆ ಬಂದರು. ನಾನು ಟೀಗೆ ನೀರು ತರಲು ಹಿಂದಕ್ಕೆ ಹೋಗಿ ಬರುವಷ್ಟರಲ್ಲಿ ಹೊರಟೇ ಹೋಗಿದ್ದರು. ಕೌಂಟರಿನ ಮೇಲೆ ಅವರ ಬೂಟು ಜೋಡಿ ಇತ್ತು, ಎಡಬೂಟಿಗೆ ನಮ್ಮ ಅಂಗಡಿಯ ಚೀಟಿ ಕಟ್ಟಿತ್ತು. ಇದ್ದದ್ದು ಇದ್ದ ಹಾಗೆ ಇಳಿಸುತ್ತೇನೆ.

ಯಾರದು: ಒಬ್ಬ ಡ್ರೈವಿಂಗ್ ಮೇಷ್ಟ್ರದು.
ಏನು ತೊಂದರೆ: ಎಡ ಪಾದ ಎತ್ತಲು ಆಗುತ್ತಿಲ್ಲ, ಹೋದ ವರ್ಷದ ಮಾರ್ಚ್‌ನಿಂದ. ಯಾರೋ ಗುಟ್ಟಾಗಿ ತುದಿಗೆ ಚರ್ಮ ಹಾಕುತ್ತಿದ್ದಾರೆ, ಅದರಿಂದ ಬೀಳದೆ ಉಳಿದಿದ್ದೇನೆ.
ಯಾವಾಗ ಬೇಕು: ಸೋಮವಾರ ಹತ್ತು ಗಂಟೆಯೊಳಗೆ. ಡಾಕ್ಟರ ಹತ್ತಿರ ಹೋಗುವುದಿದೆ. ನೀನೂ ಬರಬೇಕು.

ಚೀಟಿಯ ಹಿಂಬದಿಗೂ ಬರೆದಿದ್ದರು: ಮೂವತ್ತೆರಡು ವರ್ಷ ಕಲಿಸಿದ್ದೇನೆ, ಬಾರದೆ ಗಾಡಿ ಆಫ್ ಮಾಡುವವರ ಕಾಲು ಬೇರೆ, ಬೇಕೆಂದೇ ಆಫ್ ಮಾಡುವವರ ಕಾಲು ಬೇರೆ. ಅವತ್ತು ಮೊದಲನೇ ಸಲ ಕ್ಲಚ್ ಬಿಟ್ಟೆಯಲ್ಲ, ಭೇಷ್.

ನದಿಯ ದಂಡೆಯ ನಾಟಕ ಇನ್ನು ನೀನು ಆಡಬೇಕಾಗಿಲ್ಲ. ಬೂಟು ಸೋಮವಾರಕ್ಕೆ ತಯಾರಾಗಿರುತ್ತದೆ, ಚೀಟಿಯನ್ನು ಮಾತ್ರ ನಾನು ಇಟ್ಟುಕೊಂಡಿದ್ದೇನೆ.