ದಂಡಕ್ಕೆ ಬರೆಯಬೇಕಾದ ಕಾರಣ

ಮೂರ್ನಾಡು

ಸಂಘದ ಅಧ್ಯಕ್ಷೆ ಉಷಾರಾಣಿಯವರಿಗೆ ಕುಶಾಲಪ್ಪನ ನಮಸ್ಕಾರ.

ನಮ್ಮ ಕಾಫಿ ಬೆಳೆಗಾರರ ಲೆಕ್ಕ ದಾಖಲಿಸುವ ಬ್ಲಾಕ್‌ಚೈನ್ ನಡೆಸುವ ಕಂಪ್ಯೂಟರುಗಳಲ್ಲಿ ಒಂದು ನನ್ನ ಮನೆಯಲ್ಲಿದೆ. ಕಂಪ್ಯೂಟರ್ ನಿಲ್ಲಿಸಿದವರು ತಾವು ಭದ್ರತೆಗೆ ಇಟ್ಟ ಟೋಕನ್ ಹಣ ಕಳೆದುಕೊಳ್ಳಬೇಕೆಂಬ ನಿಯಮಕ್ಕೆ ನಾನೂ ಕೈಯೆತ್ತಿದ್ದೆ. ಆದ್ದರಿಂದ ದಂಡಕ್ಕೆ ತಕರಾರಿಲ್ಲ.

ಗಾಳಿಮಳೆಗೆ ಕರೆಂಟು ಹೋದಾಗ ಇನ್ವರ್ಟರಿನಲ್ಲಿ ಉಳಿದಿದ್ದು ಸ್ವಲ್ಪವೇ. ನನ್ನ ಮನೆಯಾಕೆ ಜಾನಕಿಯ ಆಕ್ಸಿಜನ್ ಮಿಷನ್ನಿಗೂ ಅದೇ ಬೇಕಿತ್ತು. "ಕಂಪ್ಯೂಟರ್ ಆಫ್ ಮಾಡ್ಬೇಡಿ, ದಂಡ ಬೀಳ್ತದೆ" ಎಂದಳು. ನಾನು ಆಫ್ ಮಾಡಿದೆ. ಆದರೂ ರಸ್ತೆಗೆ ಬಿದ್ದ ಮರ ತೆಗೆಸಿ ಆಂಬುಲೆನ್ಸ್ ಬರುವಷ್ಟರಲ್ಲಿ ಅವಳು ಹೋಗಿಬಿಟ್ಟಳು.

ನಿಮ್ಮ ನೋಟೀಸಿನಲ್ಲಿ ಕಾರಣ 'ನಿರ್ಲಕ್ಷ್ಯ' ಎಂದಿದೆ. ಬ್ಲಾಕ್‌ಚೈನಿನಲ್ಲಿ ಒಮ್ಮೆ ಬರೆದದ್ದನ್ನು ಯಾರೂ ಅಳಿಸಲಾರರು. ದಂಡವನ್ನು ಅಲ್ಲಿ ದಾಖಲಿಸುವಾಗ ದಯವಿಟ್ಟು 'ಹೆಂಡತಿಯ ಉಸಿರಿಗಾಗಿ' ಎಂದು ಬರೆಯಿರಿ.

ಇನ್ನು ಕರೆಂಟು ಹೋದರೂ ಕಂಪ್ಯೂಟರ್ ನಿಲ್ಲುವುದಿಲ್ಲ.

ಇತಿ,
ಕುಶಾಲಪ್ಪ