ಎಲ್ಲರೂ ಒಪ್ಪುವ ಕಾರಣ

ಅಡುಗೆಮನೆಯ ಮೇಜಿನಿಂದ,
ಮಾರ್ಚ್ ೯, ಸೋಮವಾರ

ಪ್ರೀತಿಯ ಅಕ್ಕಾ,

ನಿನ್ನ ಮಂಡಿನೋವು ಹೇಗಿದೆ? ಭಾವ ಈಗಲಾದರೂ ತಾವೇ ಮಹಡಿ ಹತ್ತಿ ಬಟ್ಟೆ ಒಣಹಾಕುತ್ತಿದ್ದಾರಾ? ಇಲ್ಲಿ ಅಮ್ಮ ಚೆನ್ನಾಗಿದ್ದಾಳೆ. ನಾನೇ ಸರಿಯಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ಅವಳು ಪಕ್ಕದ ಕೋಣೆಯಲ್ಲೇ ಇದ್ದಾಳೆ.

ನಿನ್ನೆ ನಮ್ಮ ಕಟ್ಟಡದ ನಿವಾಸಿಗಳ ಸಭೆಯಿತ್ತು. ಕೆಳಗಿನ ಹಾಲ್ ಭಾನುವಾರ ಬೆಳಿಗ್ಗೆ ಯಾರಿಗೆ ಎಂಬುದೇ ವಿಷಯ. ಅಧ್ಯಕ್ಷೆ ನಾನು. ಅಪ್ಪ ಊಟದ ಮೇಜಿನಲ್ಲಿ ಇಟ್ಟಿದ್ದ ನಿಯಮ ನೆನಪಿದೆಯಲ್ಲ? ಏನಾದರೂ ಬೇಕಿದ್ದರೆ, ಬೇಡವೆನ್ನುವವರೂ ಒಪ್ಪಬಹುದಾದ ಕಾರಣ ಕೊಡಬೇಕು. ಅದನ್ನೇ ನಾನು ಸಂಘದ ನಿಯಮವಾಗಿಸಿದ್ದೆ. ಹತ್ತು ಬಗೆಯ ನಂಬಿಕೆಗಳ ಜನ ಒಂದೇ ಲಿಫ್ಟ್‌ನಲ್ಲಿ ಓಡಾಡುವ ಕಡೆ ಬೇರೆ ದಾರಿ ಏನಿದೆ ಹೇಳು.

ಮೂರನೇ ಮಹಡಿಯ ಟೈಲರಮ್ಮ ಎದ್ದುನಿಂತರು. ಅವರ ಮನೆಯಲ್ಲಿ ಕೆಲವು ಹೆಂಗಸರು ಸೇರಿ ಪ್ರಾರ್ಥನೆ ಮಾಡುತ್ತಾರೆ. ಹೊಲಿಗೆ ಯಂತ್ರಗಳ ನಡುವೆ ಕಾಲು ಮಡಚಲೂ ಜಾಗವಿಲ್ಲ. "ದೇವರ ಮುಂದೆ ಒಟ್ಟಿಗೆ ಕೂರಬೇಕು, ಅಷ್ಟೇ" ಎಂದರು. "ದೇವರನ್ನ ನಂಬದವರೂ ಒಪ್ಪೋ ಹಾಗೆ ಹೇಳ್ತೀರಾ?" ಎಂದು ಮೆತ್ತಗೆ ಕೇಳಿದೆ. ಅವರು ತಡವರಿಸಿ, "ಮನಸ್ಸಿಗೆ ನೆಮ್ಮದಿ..." ಎಂದರು. ಒಂದನೇ ಮಹಡಿಯ ವಕೀಲರು, "ನೆಮ್ಮದಿಗೆ ಹಾಲ್ ಯಾಕಮ್ಮಾ, ಒಂದು ದಿಂಬು ಸಾಕಲ್ಲ!" ಎಂದಾಗ ಎಲ್ಲರೂ ನಕ್ಕರು. ಆಮೇಲೆ ವಕೀಲರು ಅದೇ ಹೊತ್ತಿಗೆ ಟೇಬಲ್ ಟೆನಿಸ್‌ಗೆ ಹಾಲ್ ಕೇಳಿದರು. ವ್ಯಾಯಾಮ, ಮಕ್ಕಳ ಆರೋಗ್ಯ, ಎಲ್ಲ ವಯಸ್ಸಿನವರಿಗೂ ಉಪಯೋಗ. ಒಂದು ಕಾರಣದಲ್ಲೂ ಹುಳುಕಿಲ್ಲ. ಆ ಮನುಷ್ಯ ಬ್ಯಾಟು ಹಿಡಿದದ್ದನ್ನು ಯಾರೂ ಕಂಡಿಲ್ಲ. ಹೋದ ವಾರ ಲಿಫ್ಟ್‌ನಲ್ಲಿ ನನ್ನೆದುರೇ, "ಆ ಜನ ಕೆಳಗೆ ಸೇರೋಕೆ ಶುರು ಮಾಡಿದ್ರೆ ನಮ್ಮ ಕಥೆ ಮುಗೀತು" ಎಂದಿದ್ದರು. ಬಾಯಲ್ಲಿ ಬೆಲ್ಲ, ಎದೆಯಲ್ಲಿ ಕತ್ತರಿ. ಆದರೆ ನನ್ನ ನಿಯಮ ಬಾಯನ್ನಷ್ಟೇ ನೋಡುತ್ತದೆ. ಕೈ ಎತ್ತಿಸಿದೆ. ವಕೀಲರು ಗೆದ್ದರು.

ಆಗ ಹಿಂದಿನ ಸಾಲಿನಿಂದ ಅಮ್ಮ ಎದ್ದಳು. "ನಾನೂ ಇವರ ಜೊತೆ ಕೂರೋಳೇ" ಎಂದಳು. ಅಕ್ಕಾ, ಭಾನುವಾರ ಬೆಳಿಗ್ಗೆ ವಾಕಿಂಗ್ ಎಂದು ಹೊರಡುತ್ತಿದ್ದವಳು ಎರಡು ಮಹಡಿ ಇಳಿದು ಅಲ್ಲಿ ಕೂರುತ್ತಿದ್ದಳು! ನಮ್ಮ ಅಮ್ಮ, ಅಪ್ಪ ಇದ್ದಾಗ ದೇವರ ಹೆಸರನ್ನೇ ಎತ್ತದವಳು. "ನಂಗ್ಯಾಕೆ ಹೇಳಲಿಲ್ಲ?" ಎಂದು ಅಷ್ಟು ಜನರ ಮುಂದೆಯೇ ಕೇಳಿಬಿಟ್ಟೆ.

"ಹೇಳಿದ್ರೆ ಕಾರಣ ಕೇಳ್ತಿದ್ದೆ. ನಿಮ್ಮಪ್ಪ ಇರೋ ತನಕ ಅವರು ಒಪ್ಪೋ ಕಾರಣ ಹುಡುಕಿ ಹುಡುಕಿನೇ ಬಾಯಿ ಬಿಡ್ತಿದ್ದೆ. ಸಾಕಾಗಿದೆ ಕಣೇ" ಎಂದವಳೇ ಟೈಲರಮ್ಮನ ಕೈಹಿಡಿದು ಹೊರಟುಹೋದಳು.

ನಿಯಮ ತಪ್ಪೆಂದು ಈಗಲೂ ಅನ್ನಿಸುತ್ತಿಲ್ಲ. ಅದಿಲ್ಲದಿದ್ದರೆ ಹೆಚ್ಚು ಜನ ನಂಬುವ ದೇವರಿಗೇ ಹಾಲ್. ಆದರೆ ಒಳಗಿನದನ್ನು ಒಳಗೇ ಇಟ್ಟುಕೊಂಡವರು ಗೆದ್ದರು, ಇದ್ದದ್ದನ್ನು ಇದ್ದ ಹಾಗೆ ಹೇಳಿದವರು ಸೋತರು. ನಮ್ಮ ಮನೆಯ ಮೇಜಿನಲ್ಲೂ ಹೀಗೇ ಆಗುತ್ತಿತ್ತೇ? ನಿನಗೆ ಯಾವತ್ತಾದರೂ ಗೊತ್ತಾಗಿತ್ತೇ?

ಭಾವನಿಗೆ ನಮಸ್ಕಾರ, ಮಕ್ಕಳಿಗೆ ಮುತ್ತು.

ನಿನ್ನ
ಪುಟ್ಟಿ

ಮರೆತೆ: ಅಮ್ಮ ಸೂಟ್‌ಕೇಸ್ ತುಂಬುತ್ತಿದ್ದಾಳೆ. ಶನಿವಾರ ನಿನ್ನಲ್ಲಿಗೆ ಬರುತ್ತಾಳಂತೆ. ವಾಪಸು ಯಾವಾಗ ಎಂದರೆ ಇನ್ನೊಂದು ಸೀರೆ ಮಡಚಿ ಇಡುತ್ತಾಳೆ. ಬಾಗಿಲು ತೆಗೆದಾಗ ಯಾಕೆ ಬಂದೆ ಎಂದು ಮಾತ್ರ ಕೇಳಬೇಡ. ಭಾನುವಾರ ಬೆಳಿಗ್ಗೆ ಅವಳಿಗೊಂದು ಕೋಣೆ ಬಿಟ್ಟುಕೊಡು.