ದಂಡೆಯ ಮೇಲೆ ಇಲ್ಲದವಳು

ನಿಗಡಿ, ಪುಣೆ
ಮಂಗಳವಾರ, ೧೪ ಅಕ್ಟೋಬರ್ ೨೦೨೫

ಭಾಗ್ಯಾ,

ಮೂರು ವರ್ಷದ ಮೇಲೆ ಹೆಂಡತಿಗೆ ಪತ್ರ ಬರೆಯುವವನು ‘ಕ್ಷೇಮ’ ಎಂದು ಶುರು ಮಾಡಿದರೆ ಅಂಚೆಯವನೂ ನಕ್ಕಾನು. ಜ್ವರವಿಲ್ಲ, ಕೆಮ್ಮಿಲ್ಲ, ಮನೆಯಲ್ಲಿ ಬೈಯಲು ಯಾರೂ ಇಲ್ಲ. ಅಷ್ಟನ್ನು ಕ್ಷೇಮವೆಂದು ತಿಳಿ. ಫೋನ್ ಮಾಡಬಹುದಿತ್ತು. ಮಾಡಿದರೆ ನೀನು ಎತ್ತುತ್ತೀ, “ಊಟ ಆತೇನ್ರಿ” ಅನ್ನುತ್ತೀ, ನಾನು ಆಯಿತು ಅನ್ನುತ್ತೇನೆ. ಅಲ್ಲಿಗೆ ನನ್ನ ಧೈರ್ಯವೂ ಊಟ ಮುಗಿಸಿ ಕೈ ತೊಳೆದಿರುತ್ತದೆ. ಅದಕ್ಕೇ ಕಾಗದ.

ಕೆಲಸ ಅದೇ. ಬೆಳಗಾಗುವ ಮೊದಲೇ ಹೋಗಿ ಬೆಟ್ಟ, ಕೆರೆಗಳ ಫೋಟೋ ತೆಗೆಯುವುದು, ಬಾಗಿಲಗಲದ ಕ್ಯಾನ್ವಾಸಿನ ಮೇಲೆ ಮುದ್ರಿಸಿ ಚೌಕಟ್ಟು ಹಾಕುವುದು, ಕೊಂಡವರ ಮನೆಗೆ ಹೋಗಿ ಸೋಫಾದ ಮೇಲಿನ ಗೋಡೆಗೆ ತೂಗುಹಾಕಿ ಬರುವುದು. ಪ್ರತಿ ಚಿತ್ರದ ಜೊತೆಗೆ ಒಂದು ಕಥೆಯ ಚೀಟಿ; ಅದನ್ನೂ ನಾನೇ ಬರೆಯುವುದು. ಕನ್ನಡದಲ್ಲಿ ಪ್ರಾಸ ಹೊಂದಿಸಿ ಕೊಡುತ್ತೇನೆ, ಸ್ಟುಡಿಯೋ ಯಜಮಾನರ ಮಗಳು ಪೂರ್ವಾ ಅದನ್ನು ಮರಾಠಿಗೂ ಇಂಗ್ಲಿಷಿಗೂ ತಿರುಗಿಸುತ್ತಾಳೆ. ದಾರಿಯಲ್ಲಿ ಪ್ರಾಸ ಬಿದ್ದುಹೋಗುತ್ತದೆ. ಗಿರಾಕಿಗೆ ನೋವಾಗುವುದಿಲ್ಲ.

ಹೋದ ವಾರ ಯೆರವಡಾದಿಂದ ರುಕ್ಮಿಣಮ್ಮ ಎಂಬುವರ ಫೋನ್ ಬಂತು. ವಿಜಯಪುರದ ಕಡೆಯವರು, ಗಂಡ ಇಟ್ಟಿದ್ದ ಬಟ್ಟೆ ಅಂಗಡಿಯನ್ನು ಈಗ ಮಕ್ಕಳು ನೋಡಿಕೊಳ್ಳುತ್ತಾರೆ. ದಿವೆ ಘಾಟಿನ ಕೆಳಗಿನ ಕೆರೆಯ ಚಿತ್ರ ಕೊಂಡವರು ಅವರೇ. ಕೆರೆಯ ಮಾತೆತ್ತಿದರೆ ನೀನು ಕಾಗದ ಮಡಚಿಡುತ್ತೀ ಎಂದು ಇಷ್ಟು ಹೊತ್ತು ತಡೆದೆ. ಇನ್ನು ಸ್ವಲ್ಪ ಓದು.

ಮೊಣಕಾಲಿನ ಆಪರೇಷನ್ ಆಗಿ ಅಜ್ಜಿ ತಿಂಗಳಿಡೀ ಆ ಚಿತ್ರದ ಎದುರೇ ಕೂತಿದ್ದರಂತೆ. ಚಿತ್ರದಲ್ಲಿ ದೋಷವಿದೆ, ಬಂದು ನೋಡಬೇಕು ಎಂದರು. ಬಣ್ಣ ಹಾರಿರಬೇಕು ಎಂದುಕೊಂಡು ಹೋದೆ. ಅವರು ಊರುಗೋಲು ಎತ್ತಿ ನೀರಿನ ಕಡೆ ತೋರಿಸಿದರು.

“ನೀರಾಗ ಒಬ್ಬಾಕಿ ಹೆಣ್ಮಗಳು ಅದಾಳ. ದಂಡಿ ಮ್ಯಾಲ ಇಲ್ಲ. ಎಲ್ಲಿ ಹೋದ್ಲಪಾ ಆಕಿ?”

ನೋಡಿದೆ, ಭಾಗ್ಯಾ. ತಲೆಕೆಳಗಾಗಿ, ಹಸಿರು ಸೀರೆ, ಕೈಯಲ್ಲಿ ಬುತ್ತಿಯ ಡಬ್ಬಿ. ದಂಡೆಯ ಮೆಟ್ಟಿಲ ಮೇಲಿಂದ ನಿನ್ನನ್ನು ಕಂಪ್ಯೂಟರಿನಲ್ಲಿ ಅಳಿಸುವಾಗ, ನೀರಿನಲ್ಲಿದ್ದ ನಿನ್ನ ಬಿಂಬವನ್ನು ಹುಲ್ಲಿನ ನೆರಳೆಂದು ಬಿಟ್ಟುಬಿಟ್ಟಿದ್ದೆ. ಇಷ್ಟು ವರ್ಷ ಯಾರದೋ ಗೋಡೆಯ ಮೇಲೆ ನೀನು ಕಾಲು ಮೇಲೆ ಮಾಡಿ ನಿಂತಿದ್ದೀ.

ಪ್ರದರ್ಶನದ ದಿನ ಕಣ್ಣೆದುರು ಬಂತು. ಚಿತ್ರದಲ್ಲಿ ನಾನಿದ್ದೇನೆ ಬಾ ಎಂದು ನೀನು ಸಾಸವಡದಿಂದ ಪಾರವ್ವಕ್ಕನನ್ನು ಕರೆಸಿದ್ದೆ. ಚಿತ್ರದಲ್ಲಿ ಬರೀ ದಂಡೆ ಇತ್ತು, ಕೆಳಗೆ ನನ್ನ ಚೀಟಿ: ‘ಯಾರೂ ಇರದ ದಂಡೆ, ಇಲ್ಲಿ ನನ್ನನ್ನೇ ನಾ ಕಂಡೆ.’ ನೀನು ಜಗಳ ಮಾಡಲಿಲ್ಲ. “ನಾ ಎಲ್ಲಿ ನಿಂತಿದ್ನಿ, ಅಕ್ಕಗ ತೋರಸ್ರಿ” ಅಂದೆ. ನಾನು ಮೂರ್ಖ, ಬೆರಳಿಟ್ಟು ತೋರಿಸಿದೆ. ಎರಡು ದಿನಕ್ಕೆಂದು ಅಕ್ಕನ ಜೊತೆ ಹೋದವಳು ನೀನು.

ಅವತ್ತು ನಿನಗೆ ಯಜಮಾನರ ನಿಯಮ ಹೇಳಿದ್ದೆ: ಮನುಷ್ಯರಿದ್ದರೆ ಚಿತ್ರ ಗೋಡೆಗೆ ಹೋಗುವುದಿಲ್ಲ, ಯಾರದೋ ಹೆಂಡತಿಯನ್ನು ಯಾರು ತಮ್ಮ ಪಡಸಾಲೆಯಲ್ಲಿ ತೂಗುಹಾಕಿಕೊಳ್ಳುತ್ತಾರೆ ಎಂದು. ಅಜ್ಜಿಗೂ ಅದನ್ನೇ ಹೇಳಿ, ಬಿಂಬವನ್ನೂ ಅಳಿಸಿ ಹೊಸದು ತಂದುಕೊಡುತ್ತೇನೆ ಎಂದೆ. ಅವರು ಒಪ್ಪಲಿಲ್ಲ. ತಿಂಗಳು ಜೊತೆಗಿದ್ದವಳನ್ನು ಯಾಕೆ ಕಳಿಸಲಿ, ಆಕೆ ಯಾರು ಎಂದು ಕೇಳಿದರು. ನನ್ನ ಹೆಂಡತಿ ಎಂದೆ. ಹಾಗಾದರೆ ದಂಡೆಯ ಮೇಲೆ ವಾಪಸು ನಿಲ್ಲಿಸಿಕೊಂಡು ಬಾ ಎಂದರು, ಕುರ್ಚಿ ಸರಿಸಲು ಹೇಳಿದಷ್ಟು ಸಲೀಸಾಗಿ.

ಆಗುವುದಿಲ್ಲ. ಅಳಿಸಿದ ಮೇಲೆ ಅದೇ ಫೈಲಿನ ಮೇಲೆ ಸೇವ್ ಮಾಡಿದ್ದೆ. ಮೊದಲಿನ ಫೋಟೋ ಎಲ್ಲಿಯೂ ಇಲ್ಲ. ಹಳೆಯ ಹಾರ್ಡ್ ಡಿಸ್ಕುಗಳನ್ನೆಲ್ಲ ಜಾಲಾಡಿದೆ. ಸಾವಿರಾರು ಬೆಳಗುಗಳಿವೆ, ಒಂದರಲ್ಲೂ ನೀನಿಲ್ಲ. ಹದಿನೆಂಟು ವರ್ಷ ಕ್ಯಾಮೆರಾದ ಪಕ್ಕದಲ್ಲೇ ಬುತ್ತಿ ಹಿಡಿದು ನಿಂತವಳು, ಚೌಕಟ್ಟಿನೊಳಗೆ ಬಂದದ್ದು ಆ ಒಂದೇ ಸಲ.

ಮೊನ್ನೆ ಕೆರೆಗೆ ಹೋಗಿದ್ದೆ. ನೀನು ನಿಂತಿದ್ದ ಮೆಟ್ಟಿಲು ಹಾಗೇ ಇದೆ. ನಿನ್ನ ಎತ್ತರದ ಅಂದಾಜಿಗೆ ಕ್ಯಾಮೆರಾದ ಸ್ಟ್ಯಾಂಡನ್ನೇ ಅಲ್ಲಿ ನಿಲ್ಲಿಸಿ ದೂರದಿಂದ ನೋಡಿದೆ. ಸ್ಟ್ಯಾಂಡು ಸ್ಟ್ಯಾಂಡಿನಂತೆಯೇ ಕಂಡಿತು. ಬಿಸಿಲೇರುವ ತನಕ ಕೂತಿದ್ದೆ. ಘಾಟು ಹತ್ತಿದರೆ ಸಾಸವಡ. ಹತ್ತಲಿಲ್ಲ.

ಬರುವ ಭಾನುವಾರ ಬೆಳಿಗ್ಗೆ ಆರೂವರೆಗೆ ಅಲ್ಲಿರುತ್ತೇನೆ. ನೀನು ಬಂದು ನಿಂತರೆ ತೆಗೆಯುತ್ತೇನೆ. ಮನೆಗೆ ಬಾ ಎಂದು ಕೇಳುತ್ತಿಲ್ಲ. ಸುಳ್ಳು, ಕೇಳುತ್ತಿದ್ದೇನೆ, ಆದರೆ ಮೊದಲು ದಂಡೆಗೆ ಬಾ. ಬುತ್ತಿ ಈ ಸಲ ನಾನು ಕಟ್ಟುತ್ತೇನೆ. ರೊಟ್ಟಿ ದುಂಡಗಿರುವುದಿಲ್ಲ.

ನಿನ್ನ ದಾರಿ ಕಾಯುವ,
ದೇವಾನಂದ

ತಾ.ಕ.: ಯಜಮಾನರು ಅಳಿಸಲು ಹೇಳಿರಲಿಲ್ಲ. ಅಂಥ ನಿಯಮವೇ ಇಲ್ಲ. ಹೆಣ್ಣುಮಗಳು ಇರಲಿ, ಆಕೆಯಿಂದಲೇ ಕೆರೆ ದೊಡ್ಡದಾಗಿ ಕಾಣುತ್ತದೆ ಎಂದಿದ್ದರು. ನಾನು ಚೀಟಿಯನ್ನು ಮೊದಲೇ ಬರೆದುಬಿಟ್ಟಿದ್ದೆ. ದಂಡೆಗೆ ಕಂಡೆ ಚೆನ್ನಾಗಿ ಕೂತಿತ್ತು. ನೀನು ಅದರಲ್ಲಿ ಕೂರಲಿಲ್ಲ. ಪ್ರಾಸ ಉಳಿಸಿಕೊಂಡೆ, ನಿನ್ನನ್ನು ತೆಗೆದೆ. ಇದನ್ನು ಹೇಳದೆ ಕರೆದಿದ್ದರೆ ನೀನು ಬರುತ್ತಿದ್ದೆಯೇನೋ. ಹೇಳಿಯೇ ಕರೆಯುತ್ತಿದ್ದೇನೆ.